ಹನ್ನೊಂದನೆಯ ನಿಮಿಷದ ಟಕ್

ಕನ್ನಡಕದಂಗಡಿಯ ಯಜಮಾನರು, ಮೂವತ್ತು ವರ್ಷದ ಹಿಂದೆ ತಾವೇ ಕಟ್ಟಿದ ಬ್ಯಾಂಡಿಗೆ ಡ್ರಮ್ಮರ್ ಬೇಕಾಗಿದ್ದಾರೆಂಬ ಜಾಹೀರಾತು ನೋಡಿ, ಹೊಸಬರ ಹಾಗೆ ಪರೀಕ್ಷೆಗೆ ಹೊರಟರು. ಅದು ಪ್ರೋಗ್ರೆಸಿವ್ ರಾಕ್ ಬ್ಯಾಂಡು. ಹಾಡು ಇಪ್ಪತ್ತು ನಿಮಿಷದೊಳಗೆ ಮುಗಿದರೆ ಮರ್ಯಾದೆ ಹೋಯಿತೆಂದುಕೊಳ್ಳುವ ಜನ. ಹಾಡಿಗಿಂತ ಉದ್ದ, ಬಂದುಹೋದವರ ಪಟ್ಟಿ. ಗಾಯಕ ಮುನಿಸಿಕೊಂಡು ಹೋದ. ಅವನನ್ನು ಕರೆತರಲು ಹೋದ ಆರ್ಗನ್ನಿನವನೂ ವಾಪಸ್ಸು ಬರಲಿಲ್ಲ. ಗಿಟಾರಿನವನು ಮೂರು ಸಲ ಬಿಟ್ಟು ಎರಡು ಸಲ ಸೇರಿದ. ಈಗಿರುವ ನಾಲ್ವರಲ್ಲಿ ಒಬ್ಬರಿಗೂ ಹಳಬರ ಮುಖ ಗೊತ್ತಿಲ್ಲ.

ಎಲ್ಲರಿಗಿಂತ ಮೊದಲು ಬಿಟ್ಟವರು ಯಜಮಾನರೇ. ರೆಕಾರ್ಡಿಂಗ್ ದಿನ, ಹನ್ನೊಂದನೆಯ ನಿಮಿಷದಲ್ಲಿ ಕೈ ಬೆವರಿ ಕೋಲು ಜಾರಿತು. ಏಳು ಏಟಿನ ಸುತ್ತಿನಲ್ಲಿ ಒಂದೇಟು ತಪ್ಪಿತು. ಇನ್ನೊಂದು ಸಲ ನುಡಿಸೋಣವೆಂದು ಗೋಗರೆದರು. ಯಾರಿಗೆ ಗೊತ್ತಾಗುತ್ತದೆ ಬಿಡು ಎಂದರು ಉಳಿದವರು. ಯಜಮಾನರಿಗೆ ಮೂಗಿನ ತುದಿಯಲ್ಲೇ ಕೋಪ. ಅಲ್ಲಿಂದ ಎದ್ದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆದರೆ ಆ ಒಂದೇಟು ಅವರನ್ನು ಬಿಡಲಿಲ್ಲ. ಮತ್ತೆ ಆ ಬ್ಯಾಂಡಿನಲ್ಲಿ ಕೂತು ಅದನ್ನು ಸರಿಯಾಗಿ ಹೊಡೆಯಬೇಕು, ಅದೊಂದೇ ಆಸೆ.

ನಾನೇ ಹಳೆಯ ಡ್ರಮ್ಮರ್ ಅಂತ ಹೇಳಿಬಿಡಿ ಎಂದಿದ್ದಳು ಹೆಂಡತಿ. ಬಾಯಿ ಹೇಳುವುದಲ್ಲ, ಕೈ ಹೇಳಬೇಕು ಎಂದು ಯಜಮಾನರು ಗತ್ತು ಮಾಡಿಕೊಂಡು ಬಂದಿದ್ದರು.

ಪೇಂಟ್ ಗೋದಾಮಿನ ಹಿಂದಿನ ಕೋಣೆಯಲ್ಲಿ ಪರೀಕ್ಷೆ. ನುಡಿಸಬೇಕಾದದ್ದು ಆ ಹಳೆಯ ಹಾಡೇ. ಹತ್ತು ನಿಮಿಷ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಹನ್ನೊಂದನೆಯದರಲ್ಲಿ ಯಜಮಾನರು ಏಳನೆಯ ಏಟನ್ನು ಮೂವತ್ತು ವರ್ಷದ ಬಡ್ಡಿ ಸಮೇತ ಹೊಡೆದರು. ನಾಲ್ವರೂ ಎಡವಿ ನಿಂತರು.

"ಅಂಕಲ್, ಅಲ್ಲಿ ಆರೇ ಏಟು," ಎಂದಳು ಬ್ಯಾಂಡು ನಡೆಸುವ ಬೇಸ್ ಗಿಟಾರಿನ ಹುಡುಗಿ. "ಅದೇ ಈ ಹಾಡಿನ ಜೀವ. ನೀವು ರೆಕಾರ್ಡ್ ಸರಿಯಾಗಿ ಕೇಳಿಲ್ಲ."

ಆರನೆಯ ಏಟಾದ ಮೇಲೆ ರೆಕಾರ್ಡಿನಲ್ಲಿ ಟಕ್ ಎಂದು ಒಂದು ಸದ್ದಿದೆಯಂತೆ. ಯಾವ ವಾದ್ಯವೋ ಯಾರಿಗೂ ಪತ್ತೆಯಾಗಲಿಲ್ಲವಂತೆ. ಅದಕ್ಕೆಂದೇ ನಡುವಯಸ್ಸಿನವನೊಬ್ಬನನ್ನು ಸೇರಿಸಿಕೊಂಡಿದ್ದರು. ಮೂಲೆಯಲ್ಲಿ ಮರದ ತುಂಡು ಹಿಡಿದು ಅವನು ಬಹಳ ಗಂಭೀರವಾಗಿ ಕೂತಿದ್ದ. ಇಪ್ಪತ್ಮೂರು ನಿಮಿಷದ ಹಾಡಿನಲ್ಲಿ ಅವನಿಗೆ ಅದೊಂದೇ ಕೆಲಸ.

ಯಜಮಾನರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಮ್ಮ ತಪ್ಪನ್ನು ಈ ಮಕ್ಕಳು ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ಸಂಕಟವೂ ಆಯಿತು, ಅದರ ಹಿಂದೆಯೇ ಪ್ರೀತಿಯೂ ಉಕ್ಕಿತು. ಇನ್ನೊಂದು ಸಲ ಆಗಲಿ ಎಂದರು.

ಈ ಸಲ ಆರನೆಯ ಏಟಾದ ಕೂಡಲೇ ಬೆರಳು ಸಡಿಲ ಬಿಟ್ಟರು. ಕೋಲು ನೆಲಕ್ಕೆ ಬಿತ್ತು. ಟಕ್.

ಸಾಕ್ಷಾತ್ ರೆಕಾರ್ಡಿನದೇ ಸದ್ದು. ಎಲ್ಲರ ಕೈಯೂ ನಿಂತಿತು. ಮರದ ತುಂಡಿನವನು ಎತ್ತಿದ ಕೈಯನ್ನು ಹಾಗೇ ಇಳಿಸಿದ.

"ಕೋಲು ಬಿದ್ದ ಸದ್ದು ಅಂತ ನಿಮಗೆ ಹೇಗೆ ಗೊತ್ತಾಯ್ತು?" ಹುಡುಗಿ ಕೇಳಿದಳು.

ಯಜಮಾನರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ನನ್ನ ಕೈ ಬೆವರುತ್ತಮ್ಮ. ಆವತ್ತೂ ಬೆವರಿತ್ತು."

ಹುಡುಗಿ ಬೇಸ್ ಗಿಟಾರನ್ನು ಕೆಳಗಿಟ್ಟಳು. ಆಮೇಲೆ ಬಗ್ಗಿ ಕೋಲೆತ್ತಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟಳು. ಬಿಟ್ಟುಹೋದವರ ಪಟ್ಟಿಗೆ ಇನ್ನು ತನ್ನ ಹೆಸರೋ ಎಂದು ಮರದ ತುಂಡಿನವನು ಮೆಲ್ಲಗೆ ಕೇಳಿದ.