ಹೊಟ್ಟೆ ಸೀಳಿದ ಷ

“‘ಕ್ರಿಸ್ಮಸ್’ ಹೊಡೆದುಹಾಕಿ,” ಅಂದರು ಮ್ಯಾನೇಜರು. ಅವನು ಹೊಡೆದುಹಾಕಿದ.

ಕಂಪನಿ ತನ್ನ ಗಿರಾಕಿಗಳಿಗೂ ನೌಕರರಿಗೂ ಕಳಿಸುವ ಕಾರ್ಡು. ಕರಡು ತಿದ್ದುವುದು ಹದಿನೆಂಟು ವರ್ಷದಿಂದ ಅವನ ಕೆಲಸ. ‘ಕ್ರಿಸ್ಮಸ್ ಹಬ್ಬದ ಶುಭಾಶಯ’ ಎಂಬ ಒಂದೇ ಸಾಲನ್ನು ಮೇಜಿನ ಸುತ್ತ ಕೂತವರು ಬೆಳಗ್ಗೆ ಹತ್ತರಿಂದ ಹಿಂಜುತ್ತಿದ್ದರು.

“ಆಚರಿಸದೇ ಇರೋರಿಗೆ ಬೇಜಾರಾಗುತ್ತೆ,” ಅಂದಳು ಮಾರಾಟ ವಿಭಾಗದವಳು.

“ಹೆಸರಿಲ್ದೆ ಅದ್ಯಾವ ಹಬ್ಬನಮ್ಮ?” ಅಂದರು ಉಗ್ರಾಣದ ಮೀಸೆಯವರು.

“‘ಹಬ್ಬ’ ಅಂದ್ರೂ ಧರ್ಮ ಬಂತಲ್ಲ?”

‘ಹಬ್ಬ’ ಹೋಗಿ ‘ರಜೆ’ ಬಂತು. ರಜೆಯೇ ಸಿಗದ ಕಾವಲುಗಾರ ಏನಂದುಕೊಂಡಾನು ಎಂದು ಅದೂ ಹೋಯಿತು. ಮಜ್ಜಿಗೆ ಕಡೆದಷ್ಟೂ ನೀರೇ.

ಮನೆಯಿಂದ ಹೊರಡುವಾಗ ಅಮ್ಮ ಅಂದಿದ್ದಳು, “ನೀನು ತಿದ್ದಿದ ಕಾರ್ಡು ಒಂದು ತಾ. ಕ್ರಿಸ್ಮಸ್ ಗೋದಲಿ ಹತ್ರ ಇಡ್ತೀನಿ.” ಈ ವರ್ಷ ಅವಳು ಕೇಳಿದ್ದು ಅದೊಂದನ್ನೇ.

ಮ್ಯಾನೇಜರು ಅವನತ್ತ ತಿರುಗಿದರು. “ನೀವು ಹೇಳಿ. ಈ ಹಬ್ಬ ನಿಮ್ದಲ್ವಲ್ಲ, ನಿಮಗೆ ಆ ಕಡೆ ಈ ಕಡೆ ಇಲ್ಲ.”

ಅವನ ಹೆಸರು ಯಾವ ಗುಟ್ಟನ್ನೂ ಬಿಟ್ಟುಕೊಡುವಂಥದ್ದಲ್ಲ. ನಿಜ ಹೇಳಿದರೆ ಎಲ್ಲರೂ ಒಟ್ಟಿಗೆ ಸಾರಿ ಕೇಳುತ್ತಾರೆ, ನಾಳೆಯಿಂದ ಅವನೆದುರು ಅಳೆದು ತೂಗಿ ಮಾತಾಡುತ್ತಾರೆ. ನೆನೆದೇ ಸುಸ್ತಾಯಿತು.

“ಹೌದು ಸಾರ್. ನನಗೆ ಹೇಗಿದ್ರೂ ಸರಿ.”

ಅಂದ ಮೇಲೆ ನಾಚಿಕೆಯಾಯಿತು. ಯಾರಿಗೂ ಅದು ಕಾಣಲಿಲ್ಲ.

ನಾಲ್ಕು ಗಂಟೆಗೆ ಏಳನೇ ಕರಡು ಬಂತು. ಉಳಿದದ್ದು ಎರಡೇ ಪದ. ಎರಡು ಪದದಲ್ಲಿ ತಪ್ಪೇನಿರುತ್ತದೆ? ಓದದೆ ‘ಸರಿ ಇದೆ’ ಎಂದು ಬರೆದ. ಹೊರಡುವ ಹೊತ್ತಿಗೆ ಕಾರ್ಡು ಅಚ್ಚಾಗಿತ್ತು. ಒಂದನ್ನು ಜೇಬಿಗಿಳಿಸಿದ.

ಅಮ್ಮ ಮೂಲೆಯ ಸ್ಟೂಲಿನ ಮೇಲೆ ಹುಲ್ಲು ಹರಡಿ, ಕುರಿಗಳನ್ನೂ ಕುರುಬರನ್ನೂ ನಿಲ್ಲಿಸಿದ್ದಳು. ಹಬ್ಬದ ರಾತ್ರಿ ಕೂಸನ್ನಿಡುವ ಜಾಗ ಇನ್ನೂ ಖಾಲಿ ಇತ್ತು. ಕಾರ್ಡು ಕೈಗೆ ಬಂದದ್ದೇ ಕನ್ನಡಕ ಏರಿಸಿದಳು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು.

“‘ಎಲ್ಲರಿಗೂ ಶುಭಾಷಯ.’ ಹೊಟ್ಟೆ ಸೀಳಿದ ಷ ಹಾಕಿದೀಯಲ್ಲೋ! ಶಾಲೆಯ ಶ ಕಣೋ ಅದು.”

ಅವನು ಇಣುಕಿದ. ಹೌದು.

“ಹಬ್ಬದ ಹೆಸರೇ ಇಲ್ಲ?”

“ಎಲ್ಲರಿಗೂ ಹೊಂದ್ಬೇಕಲ್ಲಮ್ಮ.”

“ನಮ್ಮ ಹಬ್ಬ ಅಂತ ನೀನು ಹೇಳ್ಲಿಲ್ವಾ?”

“ಯಾರೂ ಕೇಳ್ಲಿಲ್ಲ.”

ಅಮ್ಮ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವ ಹುಡುಗರನ್ನು ಅವಳು ಬೇಕಾದಷ್ಟು ಕಂಡವಳು. ಬೈದಿದ್ದರೆ ಚೆನ್ನಾಗಿತ್ತು. ಕಾರ್ಡನ್ನು ಮಗುಚಿದಳು.

“ಹಿಂದುಗಡೆ ಬಿಳಿ ಇದೆ. ಗೋದಲಿ ಗೋಡೆಗಾಗುತ್ತೆ ಬಿಡು.”

ಬರಹ ಆಚೆಗಿರುವಂತೆ ಅದನ್ನು ಗೋದಲಿಯ ಹಿಂಬದಿಗೆ ನಿಲ್ಲಿಸಿ, ಅದರ ಹಿಂದಿದ್ದ ಪುಟ್ಟ ಬಲ್ಬಿನ ಸ್ವಿಚ್ಚು ಒತ್ತಿ ಒಳಗೆ ಹೋದಳು.

ಬೆಳಕಿಗೆ ಅಕ್ಷರಗಳು ಹಿಂದುಮುಂದಾಗಿ ಕಾರ್ಡಿನ ಈಚೆಗೆ ಮೂಡಿದವು. ಕುರಿಗಳೂ ಕುರುಬರೂ ಅವನ್ನೇ ನೋಡುತ್ತ ನಿಂತಿದ್ದರು. ಖಾಲಿ ಹುಲ್ಲಿನ ನೆತ್ತಿಗೆ ಸರಿಯಾಗಿ, ಹೊಟ್ಟೆ ಸೀಳಿದ ಷ.