ಪೋಷಕರ ಒಪ್ಪಿಗೆ

ಗಣಿತದ ಮೇಷ್ಟ್ರು ಕ್ಲಾಸಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ವಿಡಿಯೊ ಊರೆಲ್ಲ ಸುತ್ತಿ, ಕೊನೆಗೆ ಮೇಷ್ಟ್ರ ಬೀಗರ ಮನೆಯನ್ನೂ ತಲುಪಿತ್ತು. ತೆಗೆದವರನ್ನು ಪತ್ತೆ ಮಾಡಲೆಂದು ಹಿಂದಿನ ಬೆಂಚಿನವರ ಫೋನುಗಳೆಲ್ಲ ಹೆಡ್‌ಮಿಸ್ ಮೇಜಿಗೆ ಬಂದವು. ಪುಟ್ಟಿಯದೂ ಬಂತು.

ಪುಟ್ಟಿ ವಿಡಿಯೊ ತೆಗೆದವಳಲ್ಲ. ಆದರೂ ಮೇಜಿನ ಮೇಲಿದ್ದ ತನ್ನ ಫೋನಿನಿಂದ ಅವಳು ಕಣ್ಣು ತೆಗೆಯಲಿಲ್ಲ. ಅಪ್ಪನ ಹೊಡೆತ ತಾಳಲಾರದೆ ಮನೆ ಬಿಟ್ಟುಹೋದ ಅಮ್ಮನ ಹೊಸ ಅಡ್ರೆಸ್ ಅಂದು ಬೆಳಿಗ್ಗೆಯಷ್ಟೇ ಆ ಫೋನಿಗೆ ಬಂದಿತ್ತು. ಅಳಿಸಲು ಪುರುಸೊತ್ತೇ ಸಿಕ್ಕಿರಲಿಲ್ಲ. "ಸಿಗಲಿ ಅವಳು, ಕಾಲು ಮುರಿದು ಮೂಲೇಲಿ ಕೂರಿಸ್ತೀನಿ" ಎಂದು ಅಪ್ಪ ದಿನಾ ಊಟಕ್ಕೆ ಕೂತಾಗ ಹಲ್ಲು ಕಡಿಯುತ್ತಿದ್ದ.

"ಮಿಸ್, ಈಗಲೇ ನೋಡಿಬಿಡಿ. ನಾನೇ ಲಾಕ್ ತೆಗೆದು ಕೊಡ್ತೀನಿ" ಎಂದು ಪುಟ್ಟಿ ಅಂಗಲಾಚಿದಳು.

"ಛೆ ಛೆ, ಹಾಗೆಲ್ಲ ಮಕ್ಕಳ ಫೋನಿಗೆ ಕೈ ಹಾಕೋಳಲ್ಲಮ್ಮ ನಾನು. ಪೋಷಕರ ಒಪ್ಪಿಗೆ ಬೇಕು. ನಿಮ್ಮಪ್ಪನಿಗೆ ಹೇಳಾಯ್ತು, ಹೊರಟಿದ್ದಾರೆ."

ಹೆಡ್‌ಮಿಸ್ ಒಳ್ಳೆಯವರೇ. ನಿಯಮವೆಂದರೆ ಅವರಿಗೆ ಪ್ರಾಣ. ಅದರಿಂದ ಯಾರ ಪ್ರಾಣಕ್ಕೆ ಕುತ್ತು ಎಂದು ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. "ಅಪ್ಪ ಬೇಡ ಮಿಸ್" ಎನ್ನಲು ಹೊರಟ ಪುಟ್ಟಿ, "ಯಾಕೆ?" ಎಂದು ಅವರು ಕೇಳುವುದನ್ನು ನೆನೆದು ತಡೆದುಕೊಂಡಳು. ಅಡ್ರೆಸ್ಸಿನ ವಿಷಯ ಯಾರಿಗೂ ಹೇಳುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದಳು.

ಅಪ್ಪ ಬಂದ. ತಲೆ ಬಾಚಿಕೊಂಡು, ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಸಾಧು ಹಸುವಿನಂತೆ ಬಂದ.

"ಧಾರಾಳವಾಗಿ ನೋಡಿ ಮೇಡಂ. ನಮ್ಮಲ್ಲಿ ಮುಚ್ಚಿಡೋದೇನಿದೆ?" ಎಂದು ಪುಟ್ಟಿಯ ಭುಜದ ಮೇಲೆ ಕೈಯಿಟ್ಟ. ಆ ಕೈಯ ಭಾರ ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಹೆಬ್ಬೆರಳು ಒತ್ತು ಮಗಳೇ."

ಬೆವೆತ ಬೆರಳಿಗೆ ಲಾಕ್ ತೆರೆಯಲೇ ಇಲ್ಲ. ಅಪ್ಪ ಕರ್ಚೀಫಿನಿಂದ ಅದನ್ನು ಮುದ್ದಾಗಿ ಒರೆಸಿದ. ಈ ಸಲ ತೆರೆಯಿತು.

ಹೆಡ್‌ಮಿಸ್ ವಿಡಿಯೊಗಳನ್ನಷ್ಟೇ ನೋಡಿದರು. ಪಕ್ಕದ ಮನೆಯ ನಾಯಿಮರಿ ಬಿಟ್ಟರೆ ಏನೂ ಇರಲಿಲ್ಲ. "ಇವಳದ್ದೇನೂ ತಪ್ಪಿಲ್ಲ" ಎಂದರು. ಪುಟ್ಟಿಗೆ ಹೋದ ಜೀವ ಬಂದಂತಾಯಿತು. ಫೋನಿಗಾಗಿ ಕೈ ಚಾಚಿದಳು.

ಅಷ್ಟರಲ್ಲಿ ಅದು ಟಿಣ್ ಎಂದಿತು. ಹೆಡ್‌ಮಿಸ್ ಕಣ್ಣು ತಾನಾಗಿಯೇ ಅದರತ್ತ ಹೋಯಿತು. 'ಪುಟ್ಟೀ, ಅಡ್ರೆಸ್ ಸಿಕ್ತಾ? ಅಮ್ಮ ಕಾಯ್ತಿರ್ತೀನಿ' ಎಂದಿತ್ತು. ಅವರು ಗಡಬಡಿಸಿ ಮುಖ ತಿರುಗಿಸಿಕೊಂಡರು.

"ಅಯ್ಯೋ, ಅವರಮ್ಮನ ಮೆಸೇಜು. ಇದು ನಿಮ್ಮ ಮನೆ ವಿಷಯ, ನಾನು ನೋಡಬಾರದು" ಎನ್ನುತ್ತ, ಪುಟ್ಟಿಯ ಚಾಚಿದ ಕೈಯನ್ನು ದಾಟಿಸಿ, ಫೋನನ್ನು ಅಪ್ಪನ ಕೈಗೆ ಕೊಟ್ಟರು.