ಅಲ್ಲಾಡದ ನಕ್ಷತ್ರ

ನಕ್ಷತ್ರ ಮಿನುಗದಿರಲಪ್ಪಾ ಎಂದು ದೇವರಲ್ಲಿ ಬೇಡಿಕೊಂಡವಳು ದಕ್ಷಿಣ ಆಫ್ರಿಕಾದ ಇಡೀ ಕಾರೂ ಬಯಲಿನಲ್ಲಿ ಮರ್ಲೀನ್ ಒಬ್ಬಳೇ ಇರಬೇಕು. ಗೋಪುರದ ಮೇಲಿನ ಅವಳ ಪುಟ್ಟ ದೂರದರ್ಶಕ ಒಂದೇ ನಕ್ಷತ್ರವನ್ನು ದಿಟ್ಟಿಸುತ್ತದೆ. ಅದು ನಡುಗಿದಷ್ಟೂ ಗಾಳಿ ಕದಡಿದೆ ಎಂದರ್ಥ. ಗಾಳಿ ತಿಳಿಯಾಗಿರುವ ಗುಡ್ಡಕ್ಕೇ ಹೊಸ ದೊಡ್ಡ ದೂರದರ್ಶಕ; ಆ ಪೈಪೋಟಿಯಲ್ಲಿ ಅವಳ ಗೀಲ್‌ಕೋಪ್ ಗುಡ್ಡವೂ ಆಚೆ ಸೀಮೆಯ ಗುಡ್ಡವೂ ಸಮಸಮ. ಈ ರಾತ್ರಿಯ ಅಳತೆಯೇ ಕೊನೆಯದು. ಗೆದ್ದರೆ ಹುಟ್ಟೂರಲ್ಲೇ ಕೆಲಸ, ಸೋತರೆ ಗಂಟುಮೂಟೆ ಕಟ್ಟಿ ಕೇಪ್‌ಟೌನ್ ದಾರಿ ಹಿಡಿಯಬೇಕು.

ಕತ್ತಲಾಗುತ್ತಲೇ ಗೋಪುರದ ಬುಡದ ಕೋಣೆಯಲ್ಲಿ ಕಂಪ್ಯೂಟರ್ ಪರದೆಯ ಮುಂದೆ ಕೂತಳು. ನಕ್ಷತ್ರ ತೆಪ್ಪಗಿತ್ತು. ಮರ್ಲೀನ್ ಖುಷಿಗೆ ಕೂತಲ್ಲೇ ಕುಣಿದಳು. ಅಷ್ಟರಲ್ಲಿ ಅದೇನು ಗ್ರಹಚಾರವೋ, ನಕ್ಷತ್ರ ಕಾದ ಹೆಂಚಿನ ಮೇಲಿನ ನೀರಹನಿಯಂತೆ ಜಿಗಿಯತೊಡಗಿತು! ಹೊರಗೆ ಗಾಳಿಯಿಲ್ಲ, ಮೋಡವಿಲ್ಲ. ಆಮೇಲೆ ಮೂಗಿಗೆ ಬಡಿಯಿತು ಕುರಿಕೊಬ್ಬು ಸುಡುವ ವಾಸನೆ.

ಓಡಿ ಬಂದು ನೋಡಿದರೆ, ಗೋಪುರಕ್ಕೆ ಒತ್ತಿಕೊಂಡೇ ಅಬ್ರಾಮ್ ಮಾವನ ಮಾಂಸ ಸುಡುವ ಬ್ರಾಯ್ ಒಲೆ ಧಗಧಗಿಸುತ್ತಿದೆ. ಕೆಂಡದ ಮೇಲೆ ಸಾಲುಸಾಲು ಮಾಂಸ. ಸುತ್ತ ಅರ್ಧ ಊರೇ ತಲೆಯೆತ್ತಿ ಚಪ್ಪಾಳೆ ತಟ್ಟುತ್ತಿದೆ.

"ನೋಡೇ ಹುಡುಗಿ, ನಿನ್ನ ನಕ್ಷತ್ರ ಹೆಂಗೆ ಮಿಣಮಿಣ ಅಂತಿದೆ! ಚೆನ್ನಾಗಿ ಮಿನುಗಲಿ ಅಂತ ಚರ್ಚಲ್ಲಿ ಎಲ್ರೂ ಪ್ರಾರ್ಥನೆ ಮಾಡಿದ್ದೇ ಮಾಡಿದ್ದು!" ಎಂದ ಮಾವ.

"ಅಯ್ಯೋ ಮಾವ, ಅದು ಮಿನುಗಬಾರದು! ನಿನ್ನ ಬೆಂಕಿ ಝಳಕ್ಕೆ ಗಾಳಿ ಕುದೀತಿದೆ. ಆರಿಸು!"

ಒಬ್ಬ ಹಚ್ಚಿದ ಬ್ರಾಯ್ ಬೆಂಕಿಯನ್ನು ಇನ್ನೊಬ್ಬ ಕೆದಕಿದರೇ ಅಲ್ಲಿ ಜಗಳ. ಇನ್ನು ಆರಿಸು ಎಂದರೆ? ಮಾಂಸ ಬೇಯುವ ಮೊದಲು ಅಬ್ರಾಮನ ಬೆಂಕಿ ಆರಿದ್ದೇ ಇಲ್ಲ, ಹೆಂಡತಿಗೆ ಹೆರಿಗೆನೋವು ಬಂದ ದಿನವೂ.

"ಇನ್ನೂ ಅರ್ಧ ಬೆಂದಿದೆಯಲ್ಲೇ," ಎಂದ, ಅಳುಮೋರೆ ಮಾಡಿ.

"ನಾನು ಊರಲ್ಲಿರಬೇಕೋ ಬೇಡ್ವೋ, ಹೇಳು."

ಮಾವ ಇಕ್ಕಳ ಕೆಳಗಿಟ್ಟ. ಯಾರಿಗೂ ಕೊಡದೆ ತಾನೇ ಸಲಿಕೆ ಹಿಡಿದು ಕೆಂಡಕ್ಕೆ ಮಣ್ಣು ಸುರಿದ. ಚಳಿಗೆ ಹಲ್ಲು ಕಟಕಟ ಕಡಿಯುತ್ತಾ ಊರವರೆಲ್ಲ ಹಸಿಬಿಸಿ ಮಾಂಸ ಜಗಿದರು, ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. ಒಳಗೆ ಪರದೆಯ ಮೇಲೆ ನಕ್ಷತ್ರ ಮೆಲ್ಲಗೆ ಹದಕ್ಕೆ ಬಂದು, ಕಡೆಗೆ ಮೊಳೆ ಹೊಡೆದಂತೆ ನಿಂತಿತು.

ಬೆಳಕು ಹರಿಯುವಾಗ ಎದುರಾಳಿ ಗುಡ್ಡದ ಅಳತೆಯೂ ಬಂತು. ಮರ್ಲೀನ್ ಕಿರುಚಿಕೊಂಡೇ ಹೊರಗೋಡಿದಳು. ಕಂಬಳಿ ಹೊದ್ದ ಮಾವ ತಣ್ಣಗಿನ ಒಲೆಯ ಪಕ್ಕ ಕೂತೇ ಇದ್ದ.

"ಸುಮ್ಮನಿತ್ತೇನೇ?"

"ಪಿಟ್ಟನ್ನಲಿಲ್ಲ ಮಾವ. ಗೆದ್ವಿ!"

"ನಮ್ಮ ಪೈಕಿಯೋರು ರಾತ್ರಿಯೆಲ್ಲಾ ಸುಮ್ಮನಿದ್ದದ್ದು ಇದೇ ಮೊದಲು," ಎಂದು ಮಾವ ಕಣ್ಣೊರೆಸಿಕೊಂಡ. ಆಮೇಲೆ ಬೆಂಕಿಪೊಟ್ಟಣ ತೆಗೆದು, ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಅಪ್ಪಣೆ ಕೇಳಿದ:

"ಈಗಲಾದ್ರೂ ಹಚ್ಚಲೇನೇ?"